‘ಪಾಕ ಬಂದ ಮೇಲೆ ಇಳಿಸುವುದು’

ನಮ್ಮ ಮನೆಯಲ್ಲಿ ಅಜ್ಜಿಯ ಅಡುಗೆ ಪುಸ್ತಕವೆಂದು ಕರೆಯುವುದು ವಾಸ್ತವದಲ್ಲಿ ಒಂದು ಲೆಕ್ಕದ ಪುಸ್ತಕ. ಮುಂದಿನಿಂದ ತೆರೆದರೆ ಹಾಲಿನವನಿಗೆ ಕೊಟ್ಟ ಹಣದ ಮತ್ತು ಒಗೆಯಲು ಹಾಕಿದ ಬಟ್ಟೆಗಳ ಲೆಕ್ಕ ಸಿಗುತ್ತದೆ. ತಲೆಕೆಳಗಾಗಿ ತಿರುಗಿಸಿ ಹಿಂದಿನಿಂದ ತೆರೆದರೆ ಸಿಹಿತಿನಿಸುಗಳು. ಒಟ್ಟು 26 ಸಿಹಿಗಳಿವೆ. ಅವುಗಳಲ್ಲಿ ಅತಿ ಉದ್ದವಾದದ್ದು ಒಂಬತ್ತು ಸಾಲಿನದು, ಅತಿ ಚಿಕ್ಕದ್ದು ಒಂದೇ ಸಾಲಿನದು. ಕಡಲೆಬೀಜದ ಮಿಠಾಯಿಗೆ ಅಜ್ಜಿ ಮೂರು ಸಾಲು ಕೊಟ್ಟಿದ್ದಾರೆ: ‘ಬೀಜ ಹುರಿದು ಸಿಪ್ಪೆ ತೆಗೆದು ಇಟ್ಟುಕೊಳ್ಳುವುದು. ಸಕ್ಕರೆ ಎರಡು ಲೋಟ, ಮುಳುಗುವಷ್ಟು ನೀರು, ನಿಂಬೆ ನಾಲ್ಕು ಹನಿ. ಪಾಕ ಬಂದ ಮೇಲೆ ಇಳಿಸುವುದು.’

ಈ ಮೂರು ಸಾಲುಗಳನ್ನು ನಂಬಿ ನಾನು ಮೂರು ಸಲ ಕೆಟ್ಟೆ. ಮೊದಲ ಸಲ, ತಣ್ಣೀರಿಗೆ ಬಿಟ್ಟ ಹನಿ ಮೆತ್ತಗೆ ಉಂಡೆ ಕಟ್ಟಿದ್ದನ್ನು ಕಂಡು ಪಾಕ ಬಂತೆಂದುಕೊಂಡು ಇಳಿಸಿದೆ. ತಟ್ಟೆಗೆ ಸುರಿದ ಮಿಠಾಯಿ ಮರುದಿನವಾದರೂ ಮುರಿಯಲಿಲ್ಲ, ಹಲ್ಲಿಗೆ ಅಂಟಿಕೊಂಡು ಎಳೆಯಾಗಿ ಬಂತು. ಎರಡನೆಯ ಸಲ, ತಳ ಹಿಡಿದೀತೆಂಬ ಭಯದಿಂದ ಸೌಟನ್ನು ಬಿಡದೆ ಕೈಯಾಡಿಸುತ್ತಲೇ ಇದ್ದೆ. ತಿಳಿಯಾಗಿ ಕುದಿಯುತ್ತಿದ್ದ ಪಾಕ ನೋಡನೋಡುತ್ತಿದ್ದಂತೆ ಮಬ್ಬಾಗಿ, ಮರಳು ಮರಳಾಗಿ, ಬಾಣಲೆಯ ತುಂಬ ಮತ್ತೆ ಸಕ್ಕರೆಯೇ ಆಗಿ ಕುಳಿತಿತು. ಮೂರನೆಯ ಸಲ ಕಾದೆ, ಇನ್ನೂ ಕಾದೆ, ಬಾಗಿಲು ತಟ್ಟಿದವರು ಯಾರೆಂದು ನೋಡಿ ಬರುವಷ್ಟರಲ್ಲಿ ಬಾಣಲೆಯಲ್ಲಿದ್ದದ್ದು ಕಪ್ಪಗೆ ಕಹಿಯಾಗಿತ್ತು. ಕೊನೆಗೆ ದೊಡ್ಡಮ್ಮನಿಗೆ ಫೋನ್ ಮಾಡಿದೆ.

‘ನಿಂಬೆ ಹಿಂಡಿದ್ದೆಯಾ?’ ಎಂದು ಅವರು ಮೊದಲು ಕೇಳಿದರು.

‘ಇಲ್ಲ ದೊಡ್ಡಮ್ಮ, ಮಿಠಾಯಿಗೆ ಹುಳಿ ಯಾಕೆ ಅಂತ ಬಿಟ್ಟುಬಿಟ್ಟೆ.’

‘ಹುಳಿಗಲ್ಲ ಕಣೇ ಅದು, ಪಾಕ ಮರಳಾಗದೆ ಇರಲಿ ಅಂತ.’

ಆ ನಾಲ್ಕು ಹನಿಗಳ ಕೆಲಸವೇನೆಂದು ಆಮೇಲೆ ಓದಿ ತಿಳಿದುಕೊಂಡೆ. ನಾವು ಬಳಸುವ ಸಕ್ಕರೆಯ ಒಂದೊಂದು ಅಣುವೂ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಚಿಕ್ಕ ಸಕ್ಕರೆಗಳ ಜೋಡಿ. ಹುಳಿಯೊಡನೆ ಕುದಿದಾಗ ಇವುಗಳಲ್ಲಿ ಒಂದಷ್ಟು ಜೋಡಿಗಳು ಒಡೆಯುತ್ತವೆ. ಹಾಗೆ ಬಿಡಿಯಾದ ಚಿಕ್ಕ ಸಕ್ಕರೆಗಳು ಉಳಿದ ಅಣುಗಳ ನಡುವೆ ನುಸುಳಿಕೊಂಡು, ಅವು ಸಾಲುಗಟ್ಟಿ ಹರಳಾಗುವುದಕ್ಕೆ ಅಡ್ಡಿಯಾಗುತ್ತವೆ. ಬಾಣಲೆಯ ಅಂಚಿಗೆ ಅಂಟಿದ ಒಂದು ಹರಳು ಕುದಿಯುವ ಪಾಕಕ್ಕೆ ಬಿದ್ದರೂ ಸಾಕು, ಅದನ್ನೇ ಬೀಜವಾಗಿಸಿಕೊಂಡು ಇಡೀ ಪಾಕ ಹರಳುಗಟ್ಟಬಲ್ಲದು. ಆದ್ದರಿಂದಲೇ ಸಕ್ಕರೆ ಕರಗಿದ ಮೇಲೆ ಕೈಯಾಡಿಸಬಾರದು, ಅಂಚಿನಲ್ಲಿ ಹರಳು ಕಂಡರೆ ಒದ್ದೆ ಬಟ್ಟೆಯಿಂದಲೋ ಕುಂಚದಿಂದಲೋ ಒರೆಸಿ ಇಳಿಸಬೇಕು. ಅಜ್ಜಿಗೆ ಅಣುವಿನ ವಿಚಾರ ಗೊತ್ತಿರಲಿಲ್ಲ, ಆದರೆ ಹನಿಗಳನ್ನು ಎಣಿಸಿಯೇ ಬರೆದಿದ್ದರು. ರುಚಿಗೆ ಬೇಕಿಲ್ಲವೆಂದು ಅದನ್ನು ಹೊಡೆದುಹಾಕಿದವಳು ನಾನು. ಹಳೆಯ ವಿಧಾನದಲ್ಲಿ ಅನವಶ್ಯಕವೆಂದು ತೋರುವ ಪದಾರ್ಥವನ್ನು ಬಿಡುವ ಮೊದಲು ಅದು ರುಚಿಗಿದೆಯೋ ಕೆಲಸಕ್ಕಿದೆಯೋ ಎಂದು ಕೇಳಿಕೊಳ್ಳುವ ಅಭ್ಯಾಸ ನನಗೆ ಹತ್ತಿದ್ದು ಅಂದಿನಿಂದ.

ಇನ್ನು ಉಳಿದದ್ದು ‘ಪಾಕ ಬಂದ ಮೇಲೆ’ ಎಂಬ ಮಾತು. ಪಾಕ ಬರುವುದೆಂದರೆ ನೀರು ಹೋಗುವುದು. ನೀರು ಕಡಿಮೆಯಾದಂತೆ ಸಕ್ಕರೆಯ ಪಾಲು ಹೆಚ್ಚುತ್ತದೆ, ಅದರೊಡನೆ ಕುದಿಯುವ ಉಷ್ಣಾಂಶವೂ ಏರುತ್ತದೆ. ಆದ್ದರಿಂದ ಬೆರಳುಗಳ ನಡುವೆ ಎಳೆ ಎಳೆದು ನೋಡುವ ಅಜ್ಜಿಯ ಪರೀಕ್ಷೆಯೂ ಉಷ್ಣಮಾಪಕದ ಕಡ್ಡಿಯೂ ಅಳೆಯುವುದು ಒಂದನ್ನೇ. ಎಳೆ ಪಾಕ ಸುಮಾರು 106ರಿಂದ 112 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬರುತ್ತದೆ. ನೀರಿಗೆ ಬಿಟ್ಟ ಹನಿ ಮೆತ್ತನೆಯ ಉಂಡೆಯಾಗುವುದು 112ರಿಂದ 116ರಲ್ಲಿ. ಉಂಡೆ ಗಟ್ಟಿಯಾಗುವುದು 121ರಿಂದ 130ರಲ್ಲಿ. ನೀರಿನಿಂದ ತೆಗೆದ ಪಾಕ ಗಾಜಿನಂತೆ ಫಟ್ಟನೆ ಮುರಿಯುವುದು 146ರಿಂದ 154ರಲ್ಲಿ. ಅಲ್ಲಿಂದ ಮುಂದಕ್ಕೆ ಸುಮಾರು 160ರಿಂದ ಬಣ್ಣ ಜೇನಿನಂತಾಗುತ್ತದೆ, 170 ದಾಟಿದರೆ ಕೆಂಪೇರಿ ಬೇಗನೆ ಕಹಿಯ ಕಡೆಗೆ ಹೊರಳುತ್ತದೆ. ಮಿಠಾಯಿಗೆ ಬೇಕಾದದ್ದು ಮುರಿಯುವ ಪಾಕ, ನಾನು ಇಳಿಸಿದ್ದು ಮೆತ್ತನೆಯ ಉಂಡೆ ಪಾಕದಲ್ಲಿ. ನನ್ನ ಮೂರನೆಯ ಸೋಲಿಗೂ ಇಲ್ಲಿಯೇ ಕಾರಣವಿತ್ತು: ಪಾಕದಲ್ಲಿ ನೀರು ಸಾಕಷ್ಟಿರುವವರೆಗೆ ಉಷ್ಣಾಂಶ ನಿಂತಲ್ಲೇ ನಿಂತಂತೆ ನಿಧಾನವಾಗಿ ಏರುತ್ತದೆ, ನೀರು ಮುಗಿಯುತ್ತ ಬಂದಾಗ ಒಮ್ಮೆಗೇ ಓಡುತ್ತದೆ. ಮೊದಲ ಹತ್ತು ನಿಮಿಷ ಬೇಸರ ಹುಟ್ಟಿಸುವ ಪಾಕ ಕೊನೆಯ ಎರಡು ನಿಮಿಷದಲ್ಲಿ ಬಾಗಿಲು ತೆರೆಯಲು ಹೋದವರನ್ನು ಕಾಯುವುದಿಲ್ಲ.

ಇವಿಷ್ಟೂ ಅಜ್ಜಿಗೆ ತಿಳಿದೇ ಇತ್ತು. ದೊಡ್ಡಮ್ಮನ ಪ್ರಕಾರ ಅವರ ಪರೀಕ್ಷೆ ಹೀಗಿತ್ತು: ತಣ್ಣೀರಿಗೆ ಬಿಟ್ಟ ಹನಿಯನ್ನು ತೆಗೆದು ಸ್ಟೀಲ್ ತಟ್ಟೆಯ ಮೇಲೆ ಹಾಕಿದರೆ ಅದು ‘ಟಣ್’ ಎನ್ನಬೇಕು. ಹಾಗಿದ್ದರೂ ಅವರು ಅದನ್ನು ಬರೆಯಲಿಲ್ಲ, ಏಕೆಂದರೆ ಆ ಪುಸ್ತಕವನ್ನು ಅವರು ನಮಗಾಗಿ ಬರೆದುದಲ್ಲ. ಅದು ತಮಗೆ ತಾವೇ ಬರೆದುಕೊಂಡ ನೆನಪಿನ ಚೀಟಿ. ಯಾವುದು ಮರೆತುಹೋದೀತೋ ಅದನ್ನು, ಎಂದರೆ ಲೋಟಗಳ ಲೆಕ್ಕವನ್ನು, ನಿಂಬೆಯ ಹನಿಗಳನ್ನು ಬರೆದರು. ಕೈಗೆ ಕಣ್ಣಿಗೆ ಕಿವಿಗೆ ಚೆನ್ನಾಗಿ ತಿಳಿದಿದ್ದನ್ನು ಬರೆಯುವ ಅಗತ್ಯವೇ ಅವರಿಗೆ ಕಾಣಲಿಲ್ಲ. ತಲೆಮಾರಿನಿಂದ ತಲೆಮಾರಿಗೆ ಬಂದ ಸಿಹಿಯ ವಿಧಾನಗಳು ಹಾಳಾಗುವುದು ಹೆಚ್ಚಾಗಿ ಈ ಕಾರಣದಿಂದ ಎಂಬುದು ನನ್ನ ಅನುಭವ: ಕಾಗದದಲ್ಲಿ ಅಳತೆ ಉಳಿಯುತ್ತದೆ, ಹದ ಉಳಿಯುವುದಿಲ್ಲ.

ಅಳತೆಯಾದರೂ ಸರಿಯಾಗಿ ಉಳಿಯುತ್ತದೆಯೇ ಎಂದರೆ ಅದೂ ಇಲ್ಲ. ‘ಎರಡು ಲೋಟ’ ಎಂದಾಗ ಯಾವ ಲೋಟ? ಆ ಲೋಟ ದೊಡ್ಡಮ್ಮನ ಪಾಲಿಗೆ ಹೋಗಿತ್ತು, ಪುಸ್ತಕ ನಮ್ಮ ಅಮ್ಮನ ಪಾಲಿಗೆ ಬಂದಿತ್ತು; ಆಸ್ತಿ ಹಂಚುವಾಗ ಇವೆರಡೂ ಒಂದೇ ವಸ್ತುವಿನ ಎರಡು ಭಾಗಗಳೆಂದು ಯಾರಿಗೂ ಹೊಳೆದಿರಲಿಲ್ಲ. ನನ್ನ ಕೋರಿಕೆಯಂತೆ ದೊಡ್ಡಮ್ಮ ಅದರ ತುಂಬ ನೀರು ಹಾಕಿ, ಆ ನೀರನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಹೇಳಿದರು: 165 ಗ್ರಾಂ. ಒಂದು ಗ್ರಾಂ ನೀರೆಂದರೆ ಒಂದು ಮಿಲಿಲೀಟರ್ ಆದ್ದರಿಂದ ಲೋಟದ ಅಳತೆ 165 ಮಿಲಿಲೀಟರ್. ನಾನು ಬಳಸುತ್ತಿದ್ದದ್ದು 240ರ ಕಪ್ಪು. ಕಪ್ಪು ಎಂಬ ಪದವೂ ನಂಬಿಕೆಗೆ ಅರ್ಹವಲ್ಲವೆನ್ನಿ. ಅಮೆರಿಕದ ಕಪ್ಪು ಸುಮಾರು 240 ಮಿಲಿಲೀಟರ್, ಮೆಟ್ರಿಕ್ ಕಪ್ಪು 250, ಹಳೆಯ ಬ್ರಿಟಿಷ್ ಕಪ್ಪು ಸುಮಾರು 284. ಒಂದೇ ಕಪ್ಪಿನಲ್ಲಿ ಅಳೆದರೂ ಜರಡಿ ಹಿಡಿದು ಮೆಲ್ಲಗೆ ತುಂಬಿದ ಮೈದಾ 120 ಗ್ರಾಂ ಇದ್ದರೆ, ಡಬ್ಬಿಯೊಳಗೆ ಕಪ್ಪನ್ನು ಅದ್ದಿ ಒತ್ತಿ ತೆಗೆದದ್ದು 150 ಗ್ರಾಂ ಆಗಬಹುದು. ಚಮಚವನ್ನೂ ಕಪ್ಪನ್ನೂ ಮಟ್ಟಸವಾಗಿ ಗೀಚಿ ಅಳೆಯಬೇಕೆಂಬ ಶಿಸ್ತನ್ನು ಅಮೆರಿಕದ ಫ್ಯಾನಿ ಫಾರ್ಮರ್ ಎಂಬ ಅಡುಗೆಯ ಶಿಕ್ಷಕಿ 1896ರಲ್ಲಿ ಪ್ರಕಟಿಸಿದ ಪುಸ್ತಕದ ಮೂಲಕ ಜನಪ್ರಿಯಗೊಳಿಸಿದರು; ಅದಕ್ಕೂ ಹಿಂದಿನ ವಿಧಾನಗಳಲ್ಲಿ ‘ಮೊಟ್ಟೆಯ ಗಾತ್ರದ ಬೆಣ್ಣೆ’ ಎಂಬಂಥ ಅಳತೆಗಳೇ ಸಾಮಾನ್ಯ.

ಲೋಟದ ಗಾತ್ರ ತಪ್ಪಿದರೂ ಕೆಲವು ಸಿಹಿಗಳು ಕೆಡುವುದಿಲ್ಲ, ಕೆಲವು ಕೆಟ್ಟೇ ಕೆಡುತ್ತವೆ ಎಂಬುದನ್ನು ಗಮನಿಸಲು ನನಗೆ ಕೆಲವು ತಿಂಗಳು ಹಿಡಿಯಿತು. ಎಲ್ಲ ಪದಾರ್ಥಗಳೂ ಲೋಟದ ಲೆಕ್ಕದಲ್ಲೇ ಇದ್ದರೆ ಉಳಿಯುವುದು ಪ್ರಮಾಣ, ಲೋಟ ದೊಡ್ಡದಾದರೆ ಸಿಹಿಯೂ ಹೆಚ್ಚಾಗುತ್ತದೆ ಅಷ್ಟೆ. ಎಣಿಸುವ ಪದಾರ್ಥವೊಂದು ನಡುವೆ ಬಂದಾಗ, ಉದಾಹರಣೆಗೆ ‘ಮೈದಾ ಎರಡು ಲೋಟ, ಮೊಟ್ಟೆ ಮೂರು’ ಎಂದಿದ್ದಾಗ, ಲೋಟ ಬದಲಾದ ಕೂಡಲೇ ಪ್ರಮಾಣ ಮುರಿಯುತ್ತದೆ. ಓದು ಬರಹ ಬಾರದವರ ಬಾಯಲ್ಲೂ ಬಾಳಿ ಬಂದ ಸಿಹಿಗಳು ಬಹುತೇಕ ಪ್ರಮಾಣದ ಸಿಹಿಗಳೇ ಆಗಿರುವುದಕ್ಕೆ ಇದೇ ಕಾರಣವಿರಬೇಕು. ಇಂಗ್ಲಿಷರ ಪೌಂಡ್ ಕೇಕಿಗೆ ಆ ಹೆಸರು ಬಂದದ್ದು ಹಿಟ್ಟು, ಬೆಣ್ಣೆ, ಸಕ್ಕರೆ, ಮೊಟ್ಟೆ ಒಂದೊಂದೂ ಒಂದು ಪೌಂಡ್ ಎಂಬುದರಿಂದ. ಫ್ರೆಂಚರು ಅದೇ ಬಗೆಯ ಕೇಕನ್ನು ‘ನಾಲ್ಕು ಕಾಲುಗಳು’ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ, ನಾಲ್ಕು ಪದಾರ್ಥಗಳೂ ತೂಕದಲ್ಲಿ ಕಾಲು ಕಾಲು ಪಾಲು. ಹೆಸರನ್ನು ನೆನಪಿಟ್ಟರೆ ವಿಧಾನವೂ ನೆನಪಿದ್ದಂತೆ. ನಮ್ಮ ಸೋದರತ್ತೆಯ ಕೇಕಿನ ಚೀಟಿಯಲ್ಲಿ ಇದಕ್ಕಿಂತ ಜಾಣತನದ ಮಾತಿದೆ: ‘ಮೊಟ್ಟೆ ನಾಲ್ಕು. ಮಿಕ್ಕ ಮೂರೂ ಮೊಟ್ಟೆಯ ತೂಕ.’ ತಕ್ಕಡಿಯ ಒಂದು ಬದಿಗೆ ಚಿಪ್ಪಿನ ಸಮೇತ ಮೊಟ್ಟೆಗಳನ್ನಿಟ್ಟು, ಇನ್ನೊಂದು ಬದಿಗೆ ಅವುಗಳ ಸಮಕ್ಕೆ ಬೆಣ್ಣೆಯನ್ನು, ಆಮೇಲೆ ಸಕ್ಕರೆಯನ್ನು, ಆಮೇಲೆ ಮೈದಾವನ್ನು ತೂಗುವುದು. ಮೊಟ್ಟೆ ಚಿಕ್ಕದಿರಲಿ ದೊಡ್ಡದಿರಲಿ, ಕೇಕು ಕೆಡುವುದಿಲ್ಲ.

ಕೇಕಿನ ಮಾತು ಬಂದದ್ದರಿಂದ ಓವನ್ನಿನ ಬಗ್ಗೆಯೂ ಒಂದು ಮಾತು. ಉಷ್ಣಾಂಶದ ಗುಂಡಿ ಇಲ್ಲದ ಕಾಲದ ಚೀಟಿಗಳಲ್ಲಿ ‘ಮಂದ ಕಾವು’, ‘ಹದ ಕಾವು’, ‘ಜೋರು ಕಾವು’ ಎಂದಷ್ಟೇ ಇರುತ್ತದೆ. ಇವನ್ನು ಕ್ರಮವಾಗಿ ಸುಮಾರು 150, 180 ಮತ್ತು 210 ಡಿಗ್ರಿ ಎಂದುಕೊಂಡು ಆರಂಭಿಸಿದರೆ ನಷ್ಟವಾಗುವುದಿಲ್ಲ.

ನಮ್ಮ ಪುಸ್ತಕದ ಸಿಹಿಗಳಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ್ದು ಅತ್ಯಂತ ಸರಳವಾದದ್ದೇ, ಹಾಲಿನಲ್ಲಿ ಬೆಂದ ಅಕ್ಕಿಯ ಪಾಯಸ. ‘ಹಾಲು ಅರ್ಧಕ್ಕೆ ಬತ್ತಿಸುವುದು’ ಎಂದು ಅಜ್ಜಿ ಬರೆದಿದ್ದಾರೆ. ನಾನು ನಿಷ್ಠೆಯಿಂದ ಅರ್ಧಕ್ಕೇ ಬತ್ತಿಸಿದೆ, ಪಾಯಸ ನೀರು ನೀರಾಗಿಯೇ ಉಳಿಯಿತು. ಅಜ್ಜಿಯ ಕಾಲದಲ್ಲಿ ಮನೆಗೆ ಬರುತ್ತಿದ್ದದ್ದು ಎಮ್ಮೆಯ ಹಾಲು, ನಾನು ತಂದದ್ದು ಕೊಬ್ಬು ತೆಗೆದ ಪೊಟ್ಟಣದ ಹಾಲು. ಹಸುವಿನ ಹಾಲಿನಲ್ಲಿ ಸುಮಾರು 87 ಪಾಲು ನೀರೇ ಇರುತ್ತದೆ, ಗಟ್ಟಿ ಅಂಶ ಹದಿಮೂರರ ಹತ್ತಿರ. ಎಮ್ಮೆಯ ಹಾಲಿನಲ್ಲಿ ಗಟ್ಟಿ ಅಂಶ ಹದಿನಾರು ಹದಿನೇಳರವರೆಗೆ ಹೋಗುತ್ತದೆ, ಕೊಬ್ಬಂತೂ ಹಸುವಿನ ಹಾಲಿಗಿಂತ ಬಹಳ ಹೆಚ್ಚು. ಆ ಹಾಲು ಅರ್ಧಕ್ಕೆ ಬತ್ತಿದಾಗ ಬರುವ ಮಂದ ಈ ಹಾಲಿಗೆ ಬರಬೇಕಾದರೆ ಮೂರನೆಯ ಒಂದು ಪಾಲಿಗೆ ಇಳಿಸಬೇಕಾಗುತ್ತದೆ. ಈಗ ನಾನು ಅರ್ಧವೆಂಬ ಲೆಕ್ಕವನ್ನೇ ಬಿಟ್ಟು, ಸೌಟಿನ ಬೆನ್ನಿನ ಮೇಲೆ ಬೆರಳಿನಿಂದ ಗೆರೆ ಎಳೆದರೆ ಗೆರೆ ಕೂಡಿಕೊಳ್ಳದೆ ನಿಲ್ಲಬೇಕೆಂದು ಬರೆದುಕೊಂಡಿದ್ದೇನೆ. ಆರಿದ ಮೇಲೆ ಪಾಯಸ ಇನ್ನೂ ಗಟ್ಟಿಯಾಗುವುದರಿಂದ ಒಲೆಯ ಮೇಲಿರುವಾಗಲೇ ಬೇಕಾದ ಮಂದಕ್ಕೆ ತರಬಾರದು, ಸ್ವಲ್ಪ ಮೊದಲೇ ಇಳಿಸಬೇಕು. ಸಕ್ಕರೆಯ ಬದಲು ಬೆಲ್ಲ ಹಾಕುವವರಿಗೆ ಅಜ್ಜಿಯ ಅಂಚಿನ ಟಿಪ್ಪಣಿಯೊಂದಿದೆ: ‘ಬೆಲ್ಲ ಇಳಿಸಿದ ಮೇಲೆ’. ಬೆಲ್ಲದಲ್ಲಿ ಸ್ವಲ್ಪ ಹುಳಿಯೂ ಲವಣಗಳೂ ಇರುವುದರಿಂದ ಕುದಿಯುವ ಹಾಲಿಗೆ ಬಿದ್ದರೆ ಹಾಲು ಒಡೆಯುವ ಸಂಭವವಿದೆ. ಒಲೆಯಿಂದ ಇಳಿಸಿ ಬಿಸಿ ತುಸು ತಗ್ಗಿದ ಮೇಲೆ, ಕರಗಿಸಿ ಸೋಸಿದ ಬೆಲ್ಲವನ್ನು ಬೆರೆಸಿದರೆ ಅಪಾಯ ಕಡಿಮೆ. ಆ ಮೂರು ಪದಗಳ ಟಿಪ್ಪಣಿ ಎಷ್ಟು ಲೀಟರ್ ಒಡೆದ ಹಾಲಿನ ಫಲವೋ!

ಈ ಪುಸ್ತಕದ ಸಿಹಿಗಳೆಲ್ಲ ಐದು ತಲೆಮಾರಿನಷ್ಟು ಹಳೆಯವು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ವಿಧಾನದ ವಯಸ್ಸನ್ನು ಮಾತಿನಿಂದಲ್ಲ, ಪದಾರ್ಥದಿಂದ ಹೇಳಬಹುದೆಂಬುದು ನನಗೆ ಆಮೇಲೆ ತಿಳಿಯಿತು. ಮುತ್ತಜ್ಜಿಯದೆಂದು ಹೆಸರಾದ ಪುಡಿಂಗಿನಲ್ಲಿ ಕಸ್ಟರ್ಡ್ ಪುಡಿ ಇದೆ, ವೆನಿಲಾ ಎಸೆನ್ಸ್ ಇದೆ. ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿಯನ್ನು ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿ 1837ರಲ್ಲಿ ತಯಾರಿಸಿದ್ದು, ತನ್ನ ಹೆಂಡತಿಗೆ ಮೊಟ್ಟೆ ಒಗ್ಗುತ್ತಿರಲಿಲ್ಲವೆಂಬ ಕಾರಣದಿಂದ. ಆಕೆಗೆ ಯೀಸ್ಟ್ ಕೂಡ ಆಗುತ್ತಿರಲಿಲ್ಲವಾದ್ದರಿಂದ 1843ರಲ್ಲಿ ಬೇಕಿಂಗ್ ಪೌಡರನ್ನೂ ಅವನು ರೂಪಿಸಿದ. ಒಬ್ಬ ಗೃಹಿಣಿಯ ಹೊಟ್ಟೆಗೆ ಒಗ್ಗದಿದ್ದುದರಿಂದ ಹುಟ್ಟಿದ ಪುಡಿಗಳು ಲೋಕದ ಎಷ್ಟೋ ಮನೆಗಳಲ್ಲಿ ಪರಂಪರೆಯಾಗಿವೆ. ವೆನಿಲಾದ ಕಥೆ ಇನ್ನೂ ಸ್ವಾರಸ್ಯದ್ದು. ಮೆಕ್ಸಿಕೋ ಮೂಲದ ಆ ಬಳ್ಳಿಯನ್ನು ಬೇರೆಡೆ ನೆಟ್ಟರೆ ಹೂ ಬಿಡುತ್ತಿತ್ತೇ ಹೊರತು ಕಾಯಿ ಕಟ್ಟುತ್ತಿರಲಿಲ್ಲ. 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ ಹನ್ನೆರಡು ವರ್ಷದ ಎಡ್ಮಂಡ್ ಆಲ್ಬಿಯಸ್ ಎಂಬ ಹುಡುಗ, ಸಣ್ಣ ಕಡ್ಡಿಯಿಂದಲೂ ಹೆಬ್ಬೆರಳಿನಿಂದಲೂ ಹೂವಿಗೆ ಕೈಯಾರೆ ಪರಾಗಸ್ಪರ್ಶ ಮಾಡುವ ಸುಲಭ ಉಪಾಯವನ್ನು ಕಂಡುಕೊಂಡ. ಅದರ ಪರಿಮಳದ ಮುಖ್ಯ ಅಂಶವಾದ ವೆನಿಲಿನ್ ಪ್ರಯೋಗಾಲಯದಲ್ಲಿ ತಯಾರಾದದ್ದು 1874ರಲ್ಲಿ. ಹಾಗಾಗಿ ಅಗ್ಗದ ಎಸೆನ್ಸ್ ಸೀಸೆಯನ್ನು ಕೇಳುವ ಯಾವ ಚೀಟಿಯೂ ಅದಕ್ಕಿಂತ ಹಳೆಯದಾಗಿರಲಾರದು.

ಅಮ್ಮನಿಗೆ ಇದನ್ನು ಹೇಳಿದಾಗ ಅವರ ಮುಖ ಸಣ್ಣದಾಯಿತು. ಪುಟವನ್ನು ಬೆಳಕಿಗೆ ಹಿಡಿದು ನೋಡಿದರೆ, ಅಂಟಿಸಿದ ಕಾಗದದ ಕೆಳಗೆ ಪುಡಿಯ ಡಬ್ಬಿಯಿಂದ ಕತ್ತರಿಸಿದ ಚೀಟಿ ಕಾಣುತ್ತದೆ. ಮುತ್ತಜ್ಜಿಯ ಪುಡಿಂಗ್ ಡಬ್ಬಿಯ ಬೆನ್ನಿನಿಂದ ಬಂದದ್ದು. ನನಗೆ ಅದರಿಂದ ಏನೂ ಕಡಿಮೆಯಾದಂತೆ ಅನಿಸಲಿಲ್ಲ. ಡಬ್ಬಿಯ ವಿಧಾನದಲ್ಲಿ ನಾಲ್ಕು ಚಮಚ ಸಕ್ಕರೆ ಇದ್ದರೆ ಅಜ್ಜಿ ಅದನ್ನು ಹೊಡೆದು ಮೂರು ಮಾಡಿದ್ದಾರೆ, ಚಿಟಿಕೆ ಉಪ್ಪು ಸೇರಿಸಿದ್ದಾರೆ, ತಳದಲ್ಲಿ ಸುಟ್ಟ ಸಕ್ಕರೆಯ ಪದರವೊಂದನ್ನು ತಮ್ಮದಾಗಿ ಕೂಡಿಸಿದ್ದಾರೆ. ಐವತ್ತು ವರ್ಷ ತಿದ್ದಿಸಿಕೊಂಡ ಮೇಲೆ ಅದು ಡಬ್ಬಿಯದಾಗಿ ಉಳಿದಿಲ್ಲ. ನನಗೆ ಸಿಟ್ಟು ಬರುವುದು ಬೇರೆ ಬಗೆಯವರ ಮೇಲೆ: ಕೇಳಿದವರಿಗೆ ನಗುನಗುತ್ತಲೇ ವಿಧಾನ ಹೇಳಿ, ಒಂದು ಪದಾರ್ಥವನ್ನು ಮಾತ್ರ ಬೇಕೆಂದೇ ನುಂಗಿಕೊಳ್ಳುವವರು. ನಮ್ಮ ಬಂಧುಗಳಲ್ಲೇ ಅಂಥವರೊಬ್ಬರಿದ್ದರು; ಅವರ ಎಳ್ಳಿನ ಸಿಹಿ ಅವರೊಡನೆಯೇ ಹೋಯಿತು, ಈಗ ನಮ್ಮಲ್ಲಿರುವುದು ಅದರ ಹೆಸರು ಮಾತ್ರ.

ಆದ್ದರಿಂದ ಈಗ ಅಮ್ಮ ಮಾಡುವುದನ್ನೆಲ್ಲ ಬರೆದುಕೊಳ್ಳುತ್ತಿದ್ದೇನೆ. ಮೊದಮೊದಲು ಅವರ ಕೈ ಹಿಡಿದು ನಿಲ್ಲಿಸಿ ‘ಎಷ್ಟು ಹಾಕಿದಿರಿ ಅಮ್ಮ?’ ಎಂದು ಕೇಳುತ್ತಿದ್ದೆ. ಕೇಳಿದ ಕೂಡಲೇ ಕೈ ತಡವರಿಸುತ್ತಿತ್ತು, ಅಂದಾಜು ತಪ್ಪುತ್ತಿತ್ತು, ಸಿಹಿಯೂ ಎಂದಿನಂತೆ ಬರುತ್ತಿರಲಿಲ್ಲ. ಈಗ ಬೇರೆ ಉಪಾಯ ಮಾಡಿದ್ದೇನೆ. ಅವರು ಒಲೆ ಹಚ್ಚುವ ಮೊದಲು ಸಕ್ಕರೆಯ ಡಬ್ಬಿ, ತುಪ್ಪದ ಪಾತ್ರೆ, ಹಿಟ್ಟಿನ ಡಬ್ಬಿ ಎಲ್ಲವನ್ನೂ ತೂಗಿ ಬರೆದಿಡುತ್ತೇನೆ. ಎಲ್ಲ ಮುಗಿದ ಮೇಲೆ ಮತ್ತೆ ತೂಗುತ್ತೇನೆ. ಎರಡರ ನಡುವಿನ ವ್ಯತ್ಯಾಸವೇ ಅವರ ಕಣ್ಣಳತೆ. ಮೂರು ಬೇರೆ ಬೇರೆ ದಿನಗಳಲ್ಲಿ ಅವರು ಅಂದಾಜಿನಿಂದ ಹಾಕಿದ ಸಕ್ಕರೆ 412, 405, 418 ಗ್ರಾಂ ಇತ್ತು ಎಂದು ಹೇಳಿದಾಗ ಅಮ್ಮ ನಂಬಲಿಲ್ಲ, ತಕ್ಕಡಿಯೇ ಸರಿಯಿಲ್ಲವೆಂದರು. ಪಾಕಕ್ಕೆ ಉಷ್ಣಮಾಪಕ ಇಟ್ಟು ಬರೆಯುತ್ತೇನೆ, ಜೊತೆಗೆ ಅವರು ಬಾಯಿಂದ ಹೇಳುವ ಮಾತನ್ನೂ ಹಾಗೆಯೇ ಬರೆಯುತ್ತೇನೆ, ಏಕೆಂದರೆ ಉಷ್ಣಮಾಪಕವನ್ನು ಕಣ್ಣು ಮುಚ್ಚಿ ನಂಬುವುದಕ್ಕೂ ಆಗುವುದಿಲ್ಲ. ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಮೇಲೇರಿದಂತೆ ನೀರು ಕುದಿಯುವ ಉಷ್ಣಾಂಶ ಸುಮಾರು ಒಂದು ಡಿಗ್ರಿ ಇಳಿಯುತ್ತದೆ, ಪಾಕದ ಲೆಕ್ಕವೂ ಅಷ್ಟೇ ಕೆಳಗಿಳಿಯುತ್ತದೆ. ಎತ್ತರದ ಊರಿನಲ್ಲಿ ಪುಸ್ತಕದ ಅಂಕಿಗಾಗಿ ಕಾದವರ ಪಾಕ ಮುಂದೆ ಹೋಗಿರುತ್ತದೆ. ‘ಟಣ್’ ಎನ್ನುವ ಸದ್ದು ಮಾತ್ರ ಎಲ್ಲ ಊರಿನಲ್ಲೂ ಒಂದೇ.

ಬದಲಾಯಿಸಬೇಕಾದದ್ದನ್ನು ಬದಲಾಯಿಸಲು ನಾನು ಹಿಂಜರಿಯುವುದಿಲ್ಲ. ಹಸಿ ಮೊಟ್ಟೆಯನ್ನು ಕಡೆದು ಹಾಗೆಯೇ ಬಡಿಸುವ ಹಳೆಯ ಸಿಹಿಯೊಂದು ಪುಸ್ತಕದಲ್ಲಿದೆ. ಅದನ್ನು ಈಗ ಮೊಟ್ಟೆ ಮತ್ತು ಹಾಲನ್ನು ಕೂಡಿಸಿ, ಕುದಿಯುವ ನೀರಿನ ಪಾತ್ರೆಯ ಮೇಲಿಟ್ಟು, 71 ಡಿಗ್ರಿ ದಾಟುವವರೆಗೆ ಕೈಯಾಡಿಸಿ ಮಾಡುತ್ತೇನೆ. 85ರ ಮೇಲೆ ಹೋದರೆ ಮೊಟ್ಟೆ ಒಡೆದು ಗಂಟು ಗಂಟಾಗುತ್ತದೆಯಾದ್ದರಿಂದ ಅಲ್ಲಿ ಉಷ್ಣಮಾಪಕವೇ ಆಸರೆ. ಸಕ್ಕರೆಯನ್ನು ಕಡಿಮೆ ಮಾಡುವಾಗ ಮಾತ್ರ ಎಚ್ಚರ ವಹಿಸುತ್ತೇನೆ: ಪಾಯಸದಲ್ಲಿ ಕಾಲು ಭಾಗ ಇಳಿಸಿದರೂ ಏನೂ ಆಗುವುದಿಲ್ಲ, ಕೇಕಿನಲ್ಲಿ ಅಷ್ಟನ್ನು ಇಳಿಸಿದರೆ ತೇವ ಆರಿ ಗಟ್ಟಿಯಾಗುತ್ತದೆ, ಮಿಠಾಯಿಯಲ್ಲಿ ಇಳಿಸುವ ಪ್ರಶ್ನೆಯೇ ಇಲ್ಲ.

26ರಲ್ಲಿ 25 ಸಿಹಿಗಳು ಈಗ ಗ್ರಾಂ, ಡಿಗ್ರಿ ಮತ್ತು ಹದದ ಮಾತುಗಳೊಂದಿಗೆ ಹೊಸ ಪುಸ್ತಕಕ್ಕೆ ಬಂದಿವೆ. ಉಳಿದಿರುವುದು ಆ ಒಂದೇ ಸಾಲಿನದು. ಹೆಸರಿಲ್ಲ, ಲೋಟದ ಲೆಕ್ಕವಿಲ್ಲ. ‘ಹಾಲು, ಸಕ್ಕರೆ, ಗೊತ್ತಿರುವ ಹಾಗೆ’ ಎಂದಷ್ಟೇ ಇದೆ. ಅದು ಬಿಲ್ಲೆಯಾಗಿ ಕತ್ತರಿಸುತ್ತಿದ್ದ ಸಿಹಿ ಎಂದು ಅಮ್ಮ ಹೇಳುತ್ತಾರೆ, ಇಲ್ಲ, ಚಮಚದಿಂದ ತಿನ್ನುತ್ತಿದ್ದದ್ದು ಎಂದು ದೊಡ್ಡಮ್ಮ ವಾದಿಸುತ್ತಾರೆ. ಬರುವ ಭಾನುವಾರ ದೊಡ್ಡಮ್ಮ ಲೋಟದೊಂದಿಗೆ ನಮ್ಮ ಮನೆಗೆ ಬರುತ್ತಿದ್ದಾರೆ. ಎರಡು ಲೀಟರ್ ಎಮ್ಮೆಯ ಹಾಲಿಗೆ ಹೇಳಿಟ್ಟಿದ್ದೇನೆ, ಒಂದು ಅಮ್ಮನ ಬಾಣಲೆಗೆ, ಇನ್ನೊಂದು ದೊಡ್ಡಮ್ಮನ ಬಾಣಲೆಗೆ.